ಹದ ಬರದ ಮೈದಾನ

ಕಳೆದ ಭಾನುವಾರ ಗದಗ ಕಡೆಯ ಒಂದು ಊರಿಗೆ ಟೆನಿಸ್ ಬಾಲ್ ಟೂರ್ನಮೆಂಟಿನ ಅಂಪೈರಿಂಗಿಗೆ ಹೋಗಿದ್ದೆ. ಅವತ್ತು ಸೆಮಿಫೈನಲ್. ಹಿಂದಿನ ರಾತ್ರಿ ಜೋರು ಮಳೆ ಆಗಿತ್ತು. ಬೆಳಿಗ್ಗೆ ಹತ್ತಕ್ಕೆ ಬಿಸಿಲು ಚುರುಚುರು ಅನ್ನುತ್ತಿತ್ತು, ಒಂದು ಮೋಡ ಇರಲಿಲ್ಲ. ಆದರೂ ನಾವಿಬ್ಬರು ಅಂಪೈರ್‌ಗಳು ಮಾತಾಡಿಕೊಂಡು ಮ್ಯಾಚ್ ಬೇಡ ಅಂದೆವು. ಆಮೇಲೆ ಬಿದ್ದ ಬೈಗುಳ ಇನ್ನೂ ಕಿವಿಯಲ್ಲಿದೆ. ಅಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಕಪ್ಪು ಎರೆ ಮಣ್ಣು ಗೊತ್ತಲ್ವಾ? ಬಿಸಿಲು ಬಿದ್ದ ಕೂಡಲೇ ಮೇಲೆ ತೆಳ್ಳಗೆ ಒಂದು ಪದರ ಒಣಗುತ್ತದೆ. ಪೆಂಡಾಲಿನಲ್ಲಿ ಕೂತವರಿಗೆ ಮೈದಾನ ಒಣಗಿದೆ ಅನಿಸುತ್ತದೆ. ಬೌಲರ್ ಕಾಲಿಡುವ ಜಾಗಕ್ಕೆ ಹೋಗಿ ಹಿಮ್ಮಡಿ ಊರಿದೆ. ಬೂಟು ಎರಡು ಬೆರಳು ಒಳಗೆ ಹೋಯಿತು. ಕಾಲು ತೆಗೆದೆ, ಆ ಗುಂಡಿಯಲ್ಲಿ ನಿಧಾನಕ್ಕೆ ನೀರು ಜಿನುಗಿ ತುಂಬಿತು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಡಿಗೆ ಮಣ್ಣು ಮೆತ್ತಿ ಬೂಟು ಎತ್ತೋಕೇ ಕಷ್ಟ. ಇಂಥ ಕಡೆ ಹುಡುಗ ಓಡಿ ಬಂದು ಬಾಲ್ ಹಾಕಿದರೆ ಮೈ ತಿರುಗುತ್ತದೆ, ಕಾಲು ಮಾತ್ರ ಕೆಸರಿನಲ್ಲೇ ಇರುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಷ್ಟೋ ವರ್ಷದ ಹಿಂದೆ, ಹಾವೇರಿ ಕಡೆ. ಐದು ಓವರ್ ಆದರೂ ಆಡಿಸಿ ಅಂತ ನಾವೇ ಹಟ ಹಿಡಿದಿದ್ದೆವು. ಅಂಪೈರ್ ಪಾಪ, ಒಪ್ಪಿದರು. ಎರಡನೇ ಓವರಿನಲ್ಲಿ ನಮ್ಮ ಬೌಲರ್ ಜಾರಿದ. ಲಿಗಮೆಂಟ್ ಹರಿಯಿತು. ಅವನು ಮತ್ತೆ ಬೌಲಿಂಗ್ ಮಾಡಲೇ ಇಲ್ಲ. ಈಗಲೂ ಮೆಟ್ಟಿಲು ಇಳಿಯುವಾಗ ಅವನ ಕೈ ತಾನಾಗಿ ಗೋಡೆ ಹುಡುಕುತ್ತದೆ. ಆ ಐದು ಓವರ್ ಕೇಳಿದವರಲ್ಲಿ ನಾನೂ ಒಬ್ಬ.

ಕ್ರಿಕೆಟ್ ನಿಯಮವೂ ಇದನ್ನೇ ಹೇಳುತ್ತದೆ. ಹುಲ್ಲು ಒದ್ದೆ, ಬಾಲ್ ಒದ್ದೆ ಅನ್ನೋ ಕಾರಣಕ್ಕೇ ಆಟ ನಿಲ್ಲಿಸುವಂತಿಲ್ಲ. ಆದರೆ ಆಟಗಾರರಿಗೆ ಪೆಟ್ಟಾಗುವ ಅಪಾಯ ಕಣ್ಣಿಗೆ ಕಾಣುತ್ತಿದ್ದರೆ ಆಡಿಸಬಾರದು. ತೀರ್ಮಾನ ಇಬ್ಬರು ಅಂಪೈರ್‌ಗಳದ್ದು. ಕಮಿಟಿಯದ್ದಲ್ಲ, ಕ್ಯಾಪ್ಟನ್‌ಗಳದ್ದೂ ಅಲ್ಲ.

2009ರ ಡಿಸೆಂಬರ್‌ನಲ್ಲಿ ದೆಹಲಿಯ ಕೋಟ್ಲಾದಲ್ಲಿ ಭಾರತ-ಶ್ರೀಲಂಕಾ ಒನ್‌ಡೇ ನಿಂತಿದ್ದು ನೆನಪಿದೆಯಾ? ಪಿಚ್ ಕೆಟ್ಟು ಬಾಲ್ ಎಲ್ಲಿ ಎಗರುತ್ತದೋ ಗೊತ್ತಾಗುತ್ತಿರಲಿಲ್ಲ. 23.3 ಓವರಿಗೆ ಶ್ರೀಲಂಕಾ 5 ವಿಕೆಟಿಗೆ 83. ಅಲ್ಲಿಗೇ ಮ್ಯಾಚ್ ಮುಗಿಸಿದರು. ಆಮೇಲೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ ಆ ಮೈದಾನಕ್ಕೆ ಒಂದು ವರ್ಷ ನಿಷೇಧ ಹಾಕಿತು. ತಪ್ಪು ಮೈದಾನದ್ದು ಅಂತ ಐಸಿಸಿಗೆ ಗೊತ್ತಾಯಿತು. ನಮ್ಮೂರುಗಳಲ್ಲಿ ಮಾತ್ರ ಎಲ್ಲ ತಪ್ಪೂ ಅಂಪೈರ್ ತಲೆಗೆ.

2024ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಅಫ್ಗಾನಿಸ್ತಾನ-ನ್ಯೂಜಿಲೆಂಡ್ ಟೆಸ್ಟ್ ಇತ್ತು. ಮೊದಲ ದಿನ ಬಿಸಿಲಿದ್ದರೂ ಪಿಚ್ ಸುತ್ತಲಿನ ಔಟ್‌ಫೀಲ್ಡ್ ಒಣಗಲಿಲ್ಲ, ಫ್ಯಾನ್ ಇಟ್ಟು ಗಾಳಿ ಹಾಕಿದರು. ಆಮೇಲೆ ಮಳೆಯೂ ಬಂತು. ಐದು ದಿನದಲ್ಲಿ ಒಂದು ಬಾಲ್ ಬೀಳಲಿಲ್ಲ. ನೀರು ಹೋಗೋಕೆ ದಾರಿ ಇಲ್ಲದಿದ್ದರೆ ಟೆಸ್ಟ್ ಮೈದಾನದ್ದೂ ಇದೇ ಗತಿ.

ನಮ್ಮ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ 2015ರ ದಕ್ಷಿಣ ಆಫ್ರಿಕಾ ಟೆಸ್ಟಿನ ನಾಲ್ಕು ದಿನ ಮಳೆಗೆ ಹೋಯಿತು. ನಂತರ ಅಲ್ಲಿ ನೆಲದಡಿಯಿಂದ ನೀರು ಎಳೆದು ಹಾಕುವ ಸಬ್‌ಏರ್ ಬಂತು. ನಮ್ಮ ಊರುಗಳಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು, ಒಪ್ಪುತ್ತೇನೆ. ಆದರೆ ಭಾನುವಾರ ಅಲ್ಲಿ ಎದೆಯೆತ್ತರದ ಟ್ರೋಫಿ ಇತ್ತು. ಡಿಜೆ ಇತ್ತು. ನಾಲ್ಕು ಕಡೆ ಬ್ಯಾನರ್. ಪಿಚ್ ಮೇಲೆ ಹೊದಿಸೋಕೆ ಒಂದು ತಾಡಪತ್ರಿ ಇರಲಿಲ್ಲ. ಬೌಂಡರಿ ಆಚೆ ಒಂದು ಬಸಿಗಾಲುವೆ ಇರಲಿಲ್ಲ. ಇದು ನನಗೆ ನಿಜವಾಗಿ ನೋವು ತಂದಿತು.

ಹಾವೇರಿಯಿಂದ ಟೆಂಪೋ ಮಾಡಿಕೊಂಡು ಬಂದಿದ್ದ ಹುಡುಗನೊಬ್ಬ ಹತ್ತಿರ ಬಂದ. "ಸರ, ಭಾಳ ದೂರದಿಂದ ಬಂದೇವ್ರಿ" ಅಂದ. ಅವನಿಗೆ ಏನು ಹೇಳಲಿ? ಭಾರತ ತಂಡದಲ್ಲಿ ಆಡಿದ ಸ್ಪಿನ್ನರ್, ನಮ್ಮ ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಬೆಳಿಗ್ಗೆ ಪ್ರಾಕ್ಟೀಸಿಗೆ ಹುಬ್ಬಳ್ಳಿಗೆ ಓಡಾಡುತ್ತಿದ್ದರು. ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದರು. ದೂರದಿಂದ ಬರೋ ಹುಡುಗರ ಬೆಲೆ ನಮಗೆ ಗೊತ್ತಿರಬೇಕಲ್ವಾ? ಅವನ ಮೊಣಕಾಲು ಉಳಿಯಲಿ ಅಂತಲೇ ನಾನು ಬೇಡ ಅಂದಿದ್ದು.

ಗಲಾಟೆ ಜಾಸ್ತಿ ಆದಾಗ ಪಕ್ಕದ ಹೊಲದ ಕಾಕಾ ಒಬ್ಬರು ಬೇಲಿ ದಾಟಿ ಬಂದರು. ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಹಿಚುಕಿದರು. ಉಂಡೆ ಆಯಿತು. ಅದನ್ನು ಕಮಿಟಿಯವರ ಮುಂದೆ ಹಿಡಿದರು. "ಹದಾ ಬಂದಿಲ್ಲೋ ತಮ್ಮಾ. ಹಸಿ ಎರಿಯಾಗ ನಾವು ಎತ್ತ ಇಳಸೂದಿಲ್ಲ, ನೀವು ಹುಡುಗರನ್ನ ಇಳಸ್ತೀರೇನು?" ಅಂದರು. ಅವರಿಗೆ ಯಾರೂ ಎದುರು ಮಾತಾಡಲಿಲ್ಲ.

ಸೆಮಿಫೈನಲ್ ಬರೋ ಭಾನುವಾರಕ್ಕೆ ಹೋಗಿದೆ. ಶನಿವಾರ ಬೆಳಿಗ್ಗೆ ಸಲಿಕೆ ಹಿಡಿದು ಬಸಿಗಾಲುವೆ ತೋಡೋಕೆ ನಾವು ಆರು ಜನ ಹೋಗುತ್ತಿದ್ದೇವೆ, ಕಾಕಾ ಇಳಿಜಾರು ತೋರಿಸುತ್ತೇನೆ ಅಂದಿದ್ದಾರೆ. ಪಿಚ್ ಮತ್ತು ಎರಡೂ ಕಡೆ ಬೌಲರ್ ಓಡಿ ಬರುವ ರನ್‌ಅಪ್‌ಗೆ ಮೂರು ದೊಡ್ಡ ತಾಡಪತ್ರಿ ಬೇಕು. ಹುಬ್ಬಳ್ಳಿ-ಗದಗ ನಡುವೆ ಯಾರ ಮನೆಯಲ್ಲಾದರೂ ಸುಮ್ನೆ ಬಿದ್ದಿದ್ದರೆ ಇನ್‌ಬಾಕ್ಸಿಗೆ ಹೇಳಿ. ಶುಕ್ರವಾರ ಸಂಜೆ ನಾನೇ ಗಾಡಿ ತಂದು ಒಯ್ಯುತ್ತೇನೆ, ಸೋಮವಾರ ತೊಳೆದು ವಾಪಸ್ ತಲುಪಿಸುತ್ತೇನೆ.