ಹನ್ನೆರಡರಲ್ಲಿ ಗಾಂಧೀಜಿ, ಅರವತ್ತರಲ್ಲಿ ನಾನೇ

ಅಂಚೆಚೀಟಿ ಸಂಗ್ರಹದ ಹುಚ್ಚು ಎರಡು ಸಲ ಹಿಡಿಯುತ್ತದೆ: ಮೀಸೆ ಮೂಡುವ ಮೊದಲು, ಪೆನ್ಷನ್ ಶುರುವಾದ ಮೇಲೆ. ನಡುವೆ ಎಸ್ಸೆಸ್ಸೆಲ್ಸಿ, ನೌಕರಿ, ಸೈಟಿನ ಕಂತು.

ಮೊದಲ ಸುತ್ತಿಗೆ ಬಂಡವಾಳ ಬೇಕಿರಲಿಲ್ಲ. ಪಕ್ಕದ ಮನೆಗೆ ಬಂದ ಲಕೋಟೆಯ ಮೂಲೆಯನ್ನು ಚೀಟಿಯ ಸುತ್ತ ಅರ್ಧ ಇಂಚು ಬಿಟ್ಟು ಕತ್ತರಿಸಿ, ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ನೆನೆಸಿದರೆ ಚೀಟಿ ತಾನೇ ಜಾರುತ್ತಿತ್ತು. ಅವಸರಪಟ್ಟು ಎಳೆದರೆ ಬೆನ್ನಿನ ಪದರ ಕಿತ್ತು ಬರುತ್ತಿತ್ತು. ಕೆಂಪು ಲಕೋಟೆಯನ್ನೂ ಅದೇ ಬಟ್ಟಲಿಗೆ ಹಾಕಿದವನಿಗೆ ಗಾಂಧೀಜಿಯೂ ಎಲಿಜಬೆತ್ ರಾಣಿಯೂ ಒಂದೇ ಬಣ್ಣ. ಬಿಳಿ ಹಾಳೆಯ ಮೇಲೆ ಒಣಗಿಸಿ, ರಾತ್ರಿಯಿಡೀ ದಪ್ಪ ಪುಸ್ತಕದಡಿ ಇಟ್ಟರೆ ಆಲ್ಬಮ್ಮಿಗೆ ಸಿದ್ಧ. ಅಂಚಿನ ಒಂದು ಹಲ್ಲು ಮುರಿದರೂ ಬೆಲೆ ಬಿತ್ತು.

ಈಗಿನ ಹುಡುಗರ ಮನೆಗೆ ಬರುವುದು ಬಾರ್‌ಕೋಡ್ ಅಂಟಿಸಿದ ಕವರು. ಅದನ್ನು ಎಷ್ಟು ನೆನೆಸಿದರೂ ಬಾರ್‌ಕೋಡೇ. ಹಾಗಾಗಿ 2017ರಲ್ಲಿ ಸರ್ಕಾರ ‘ದೀನ ದಯಾಳ್ ಸ್ಪರ್ಶ್’ ಯೋಜನೆ ತಂದಿತು: 6ರಿಂದ 9ನೇ ತರಗತಿಯ ಆಯ್ದ ಸಂಗ್ರಹಕಾರರಿಗೆ ವರ್ಷಕ್ಕೆ 6,000 ರೂಪಾಯಿ. ಷರತ್ತು, ಪರೀಕ್ಷೆಯಲ್ಲಿ ಕನಿಷ್ಠ ಶೇ. 60 ಅಂಕ. ಓದು ಬಿಟ್ಟು ಚೀಟಿ ನೆನೆಸುತ್ತ ಕೂರುವ ಅಸಲಿ ಹುಚ್ಚನಿಗೆ ಕಾಸಿಲ್ಲ.

ಎರಡನೇ ಸುತ್ತಿನವರದು ಬೇರೆಯದೇ ಮಡಿ. ಅಂಚೆ ಕಚೇರಿಯಲ್ಲಿ ಸಂಗ್ರಹಕಾರರ ಠೇವಣಿ ಖಾತೆ ತೆರೆದರೆ ಹೊಸ ಚೀಟಿಗಳು ಮನೆಗೇ ಬರುತ್ತವೆ. ಮುಟ್ಟುವುದು ಚಿಮಟದಲ್ಲಿ ಮಾತ್ರ. ಬೆನ್ನಿನ ಗೋಂದು ಅಲುಗಬಾರದು, ಹಿಂಜ್ (ಚೀಟಿಯನ್ನು ಪುಟಕ್ಕೆ ಹಿಡಿಸುವ ಪುಟ್ಟ ಅಂಟುಕಾಗದ) ಅಂಟಿಸಬಾರದು. ಬಾಲ್ಯದಲ್ಲಿ ನೀರಿಗೆ ಹಾಕಿದ್ದನ್ನೇ ಈಗ ನೀರಿನಿಂದ ಕಾಯುವ ಕೆಲಸ: ಮಳೆಗಾಲದ ತೇವಕ್ಕೆ ಚೀಟಿಗಳು ಪುಟಕ್ಕೆ ಕಚ್ಚಿಕೊಳ್ಳುತ್ತವೆ, ಅದಕ್ಕೇ ಆಲ್ಬಂ ಮಲಗಿಸದೆ ನಿಲ್ಲಿಸಬೇಕು, ಜತೆಗೆ ಸಿಲಿಕಾ ಪೊಟ್ಟಣ. ಮೊಮ್ಮಕ್ಕಳನ್ನು ದೂರ ಇಡಲು ಮಾತ್ರ ಪೊಟ್ಟಣವಿಲ್ಲ.

ಇಷ್ಟಕ್ಕೂ ತೃಪ್ತಿಯಾಗದವರಿಗೆ 2011ರಿಂದ ‘ಮೈ ಸ್ಟಾಂಪ್’ ಇದೆ. ಫೋಟೊ, ಗುರುತಿನ ಚೀಟಿ, 300 ರೂಪಾಯಿ ಕೊಟ್ಟರೆ ನಿಮ್ಮ ಮುಖ ಸೇರಿಸಿದ, 5 ರೂಪಾಯಿ ಮುಖಬೆಲೆಯ ಹನ್ನೆರಡು ಚೀಟಿಗಳ ಹಾಳೆ. ಅಂಚೆಗೆ 60, ಮುಖಕ್ಕೆ 240. ಸರ್ ಎಂ. ವಿಶ್ವೇಶ್ವರಯ್ಯನವರು ಬದುಕಿದ್ದಾಗಲೇ ಅಂಚೆಚೀಟಿಯ ಮೇಲೆ ಬರಲು ಕನ್ನಂಬಾಡಿ ಕಟ್ಟಿಸಿ, 1960ರ ಜನ್ಮಶತಮಾನೋತ್ಸವದವರೆಗೆ ಕಾಯಬೇಕಾಯಿತು. ಅವರಿಗೆ ಕೌಂಟರ್ ಯಾವುದೆಂದು ಯಾರೂ ಹೇಳಿರಲಿಲ್ಲವೇನೋ.

ಒಂದು ಎಚ್ಚರಿಕೆ. ಹಾಳೆಯನ್ನು ಫ್ರೇಮು ಹಾಕಿಸಿ, ಲಕೋಟೆಗೆ ಮಾತ್ರ ಅಂಟಿಸಬೇಡಿ. ಅಂಚೆಯವರು ಕರಿ ಮುದ್ರೆ ಒತ್ತುವಾಗ ಮೂಗು ನೋಡಿ ಒತ್ತುವುದಿಲ್ಲ.