ಹೃದಯಾಘಾತ: ಮೊದಲು ಇಂಜೆಕ್ಷನ್ನೋ, ನೇರ ಕ್ಯಾಥ್‌ಲ್ಯಾಬೋ?

ಪ್ರಶ್ನೆ: ಬೆಂಗಳೂರಿನಲ್ಲಿ ಹೃದಯಾಘಾತವಾದವರಿಗೆ, ಇಸಿಜಿಯಲ್ಲಿ ಅದು ಖಚಿತವಾದ ಕೂಡಲೇ, ಹತ್ತಿರದ ಸಣ್ಣ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕೆ, ಇಲ್ಲ ನೇರ ಕ್ಯಾಥ್‌ಲ್ಯಾಬ್‌ಗೆ, ಅಂದರೆ ನಾಳದೊಳಗೆ ತಂತಿ, ಬಲೂನು ಬಿಟ್ಟು ಬ್ಲಾಕ್ ತೆರೆಯುವ ಕೊಠಡಿಗೆ, ಕಳಿಸಬೇಕೆ?

ಪರ: ಇಂಜೆಕ್ಷನ್ ಕೊಟ್ಟೇ ಆಂಬುಲೆನ್ಸ್ ಹತ್ತಿಸಿ

ಹೃದಯಕ್ಕೆ ರಕ್ತ ಒಯ್ಯುವ ನಾಳ ಪೂರ್ತಿ ಕಟ್ಟಿಕೊಂಡರೆ ಅರ್ಧ ಗಂಟೆಯ ಆಸುಪಾಸಿನಲ್ಲೇ ಸ್ನಾಯು ಸಾಯಲು ಶುರುವಾಗುತ್ತದೆ. ಮೊದಲು ಒಳಪದರ, ಹೊತ್ತು ಕಳೆದಂತೆಲ್ಲ ಹೊರಪದರದವರೆಗೆ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಇದು ಗೊತ್ತಿದ್ದೂ ರೋಗಿಯನ್ನು ಹಾಗೇ ಆಂಬುಲೆನ್ಸ್ ಹತ್ತಿಸಿ ‘ಬೇಗ ಕರ್ಕೊಂಡು ಹೋಗಿ’ ಅನ್ನುತ್ತೇವಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ನಾನು ಊರಂಚಿನ ಸಣ್ಣ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್.

ಬಲೂನು ಬಿಟ್ಟು ಬ್ಲಾಕ್ ತೆರೆಯುವ ಆಂಜಿಯೋಪ್ಲಾಸ್ಟಿ ಇಂಜೆಕ್ಷನ್‌ಗಿಂತ ಒಳ್ಳೆಯ ಚಿಕಿತ್ಸೆ, ಅದರಲ್ಲಿ ತಕರಾರಿಲ್ಲ. ಆದರೆ ಆ ಮಾತಿಗೊಂದು ಷರತ್ತಿದೆ. ಇಸಿಜಿಯಲ್ಲಿ ಅಟ್ಯಾಕ್ ಖಚಿತವಾದ 120 ನಿಮಿಷದೊಳಗೆ ತಂತಿ ಬ್ಲಾಕ್ ದಾಟಿರಬೇಕು. ಬೆಳಗ್ಗೆ ಒಂಬತ್ತಕ್ಕೆ ಹೊಸಕೋಟೆ ಕಡೆಯಿಂದ ಹೊರಟ ಗಾಡಿ ಟಿನ್ ಫ್ಯಾಕ್ಟರಿ ದಾಟುವುದನ್ನು ನೋಡಿದ್ದೀರಾ? ಆಂಬುಲೆನ್ಸ್‌ಗೆ ದಾರಿ ಬಿಡುವ ಮನಸ್ಸು ಈ ಊರಿನ ಜನಕ್ಕೆ ಖಂಡಿತ ಇದೆ. ಸರಿದು ನಿಲ್ಲೋಣ ಅಂದರೆ ಜಾಗವೇ ಇರುವುದಿಲ್ಲ.

ರಸ್ತೆಯೊಂದೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಮೊದಲು ಗಾಡಿ ಸಿಗಬೇಕು. ಯಾವ ಆಸ್ಪತ್ರೆ, ಅಲ್ಲಿ ಇನ್ಶೂರೆನ್ಸ್ ನಡೆಯುತ್ತಾ ಅಂತ ಮನೆಯವರು ಊರಿಗೆಲ್ಲ ಫೋನ್ ಮಾಡಿ ತೀರ್ಮಾನಕ್ಕೆ ಬರಬೇಕು. ಅಲ್ಲಿಗೆ ಹೋದ ಮೇಲೆ ಮತ್ತೊಂದು ಇಸಿಜಿ, ಅಡ್ವಾನ್ಸ್, ಸಹಿ. ರಾತ್ರಿಯಾದರೆ ಕ್ಯಾಥ್‌ಲ್ಯಾಬ್‌ನವರು ಮನೆಯಿಂದ ಎದ್ದು ಬರಬೇಕು.

ಅಷ್ಟರೊಳಗೆ ನನ್ನ ಕೈಲಿ ಏನು ಸಾಧ್ಯವಿತ್ತು ಹೇಳುತ್ತೇನೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಟೆನೆಕ್ಟೆಪ್ಲೇಸ್ ಬರುವುದು ಸಣ್ಣ ಸೀಸೆಯಲ್ಲಿ, ಬಿಳಿ ಪುಡಿಯಾಗಿ. ಅದಕ್ಕೆ ನೀರು ಬಿಟ್ಟು, ಕುಲುಕದೆ, ಮೆಲ್ಲಗೆ ತಿರುಗಿಸಿ ಕರಗಿಸಬೇಕು. ಕುಲುಕಿದರೆ ನೊರೆ ಬರುತ್ತದೆ. ಡ್ರಿಪ್‌ನಲ್ಲಿ ಗ್ಲೂಕೋಸ್ ಹೋಗುತ್ತಿದ್ದರೆ ಮೊದಲು ಸಲೈನ್‌ನಿಂದ ಲೈನ್ ತೊಳೆಯಬೇಕು, ಇಲ್ಲದಿದ್ದರೆ ಔಷಧಿ ಅಲ್ಲೇ ಗರಣೆಗಟ್ಟುತ್ತದೆ. ರೋಗಿಯ ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಒಂದೇ ಸಲಕ್ಕೆ, ಕೆಲವೇ ಸೆಕೆಂಡಿನಲ್ಲಿ. ಇದಕ್ಕೆ ಕ್ಯಾಥ್‌ಲ್ಯಾಬ್ ಬೇಕಿಲ್ಲ. ಇಸಿಜಿ ಓದಬಲ್ಲವರು, ಒಂದು ಮಾನಿಟರ್, ಶಾಕ್ ಕೊಡುವ ಯಂತ್ರ ಇದ್ದರಾಯಿತು.

ಈ ದಾರಿ ಹೊಸದೂ ಅಲ್ಲ. 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಹೆಪ್ಪು ಕರಗಿಸುವ ಹಳೆಯ ಔಷಧಿ ಸ್ಟ್ರೆಪ್ಟೋಕೈನೇಸ್ ಜತೆಗೆ ಒಂದು ತಿಂಗಳು ದಿನವೂ ಆಸ್ಪಿರಿನ್ ಕೊಟ್ಟಿದ್ದಕ್ಕೇ ಐದು ವಾರದೊಳಗಿನ ಹೃದಯ-ರಕ್ತನಾಳದ ಸಾವು ಶೇ 13.2ರಿಂದ 8ಕ್ಕೆ ಇಳಿಯಿತು. 2013ರ ಸ್ಟ್ರೀಮ್ ಅಧ್ಯಯನ ನಮ್ಮ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು: ನೋವು ಶುರುವಾಗಿ ಮೂರು ಗಂಟೆಯೊಳಗೆ ಬಂದವರು, ಆದರೆ ಒಂದು ಗಂಟೆಯಲ್ಲಿ ಆಂಜಿಯೋಪ್ಲಾಸ್ಟಿ ಆಗುವ ಹಾಗಿಲ್ಲ. ಅಲ್ಲೇ ಇಂಜೆಕ್ಷನ್ ಪಡೆದು ಆಮೇಲೆ ದೊಡ್ಡ ಆಸ್ಪತ್ರೆಗೆ ಹೋದವರಲ್ಲಿ ಸಾವು, ರಕ್ತದೊತ್ತಡ ಕುಸಿಯುವ ಶಾಕ್, ಹಾರ್ಟ್ ಫೇಲ್ಯೂರ್, ಮರು ಅಟ್ಯಾಕ್ ಎಲ್ಲ ಸೇರಿ ಶೇ 12.4, ನೇರ ಆಂಜಿಯೋಪ್ಲಾಸ್ಟಿಗೆ ಹೋದವರಲ್ಲಿ ಶೇ 14.3. ಅಂತರ ದೊಡ್ಡದಲ್ಲ. ಆದರೂ ಈ ಲೆಕ್ಕದಲ್ಲಿ ಇಂಜೆಕ್ಷನ್ ಪಡೆದವರು ಕಳೆದುಕೊಂಡದ್ದೇನೂ ಇಲ್ಲ.

ನಮ್ಮ ಸರ್ಕಾರವೇ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಇದೇ ಇಂಜೆಕ್ಷನ್ ಉಚಿತವಾಗಿ ಕೊಡುತ್ತಿದೆ. ಅಲ್ಲಿ ತೆಗೆದ ಇಸಿಜಿಯನ್ನು ಜಯದೇವದ ತಜ್ಞರು ನೋಡಿ ಹೇಳುತ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ಬಡಾವಣೆಯ ನರ್ಸಿಂಗ್ ಹೋಮ್‌ಗಳಿಗೂ ಇದೇ ವ್ಯವಸ್ಥೆ ಬರಲಿ. ಎದೆನೋವು ಅಂದ ಕೂಡಲೇ ಜನ ಓಡಿ ಬರುವುದು ಅಲ್ಲಿಗೇ.

ವಿರೋಧ: ತಾಲ್ಲೂಕಿನ ಪರಿಹಾರ ಬೆಂಗಳೂರಿಗೆ ಹೊಂದುವುದಿಲ್ಲ

ಹತ್ತಿರದಲ್ಲಿ ಕ್ಯಾಥ್‌ಲ್ಯಾಬ್ ಇಲ್ಲದ ಊರಿಗೆ ಇಂಜೆಕ್ಷನ್ ಸಂಜೀವಿನಿ, ಒಪ್ಪಿದೆ. ಇಲ್ಲಿ ಹಾಗಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಇದೆ, ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಇದೆ. ಹೆಬ್ಬಾಳ, ಯಶವಂತಪುರ, ವೈಟ್‌ಫೀಲ್ಡ್, ಎಲ್ಲಿ ನೋಡಿದರೂ ಒಂದಲ್ಲ ಒಂದು ಕ್ಯಾಥ್‌ಲ್ಯಾಬ್ ಇದೆ. ಹೊಸಕೋಟೆಯ ರೋಗಿಯ ಲೆಕ್ಕವನ್ನು ರಾಜಾಜಿನಗರದವರಿಗೆ ಹಾಕುವುದು ಸರಿಯಲ್ಲ.

ನಾನು ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್. ಡೈ ಬಿಟ್ಟಾಗ ಮುಚ್ಚಿದ ನಾಳ ಪರದೆಯ ಮೇಲೆ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಬಲೂನು ಹಿಗ್ಗಿಸಿ ಇಳಿಸಿದ ಮೇಲೆ ಅದೇ ನಾಳ ತುದಿಯವರೆಗೆ ಕಪ್ಪಗೆ ತುಂಬಿಕೊಳ್ಳುತ್ತದೆ. ಒಮ್ಮೊಮ್ಮೆ ದೊಡ್ಡ ನಾಳ ತೆರೆದರೂ ಸೂಕ್ಷ್ಮ ನಾಳಗಳಿಗೆ ರಕ್ತ ಇಳಿಯುವುದಿಲ್ಲ. ಅದೂ ಅಲ್ಲೇ ಕಾಣುತ್ತದೆ, ಅಲ್ಲೇ ಔಷಧಿ ಕೊಡಬಹುದು. ಆಂಜಿಯೋಪ್ಲಾಸ್ಟಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ನಾಳ ಪೂರ್ತಿ ತೆರೆಯುತ್ತದೆ. ಇಂಜೆಕ್ಷನ್‌ನಲ್ಲಿ ಅರ್ಧದಷ್ಟು ಜನಕ್ಕೋ, ಅದಕ್ಕಿಂತ ಸ್ವಲ್ಪ ಹೆಚ್ಚು ಜನಕ್ಕೋ. ಪರ ವಾದದವರು ಹೇಳಿದ ಸ್ಟ್ರೀಮ್ ಅಧ್ಯಯನದಲ್ಲೇ, ಇಂಜೆಕ್ಷನ್ ಪಡೆದ ನೂರರಲ್ಲಿ 36 ಜನರನ್ನು ತುರ್ತಾಗಿ ಕ್ಯಾಥ್‌ಲ್ಯಾಬ್‌ಗೆ ಒಯ್ಯಬೇಕಾಯಿತು. ಮೆದುಳಿನಲ್ಲಿ ರಕ್ತಸ್ರಾವ ಶೇ 1. ನೇರ ಆಂಜಿಯೋಪ್ಲಾಸ್ಟಿಯವರಲ್ಲಿ 0.2. ಅದನ್ನು ನೋಡಿಯೇ ಅಧ್ಯಯನದ ನಡುವೆ 75 ದಾಟಿದವರಿಗೆ ಡೋಸ್ ಅರ್ಧಕ್ಕೆ ಇಳಿಸಿದರು.

ಇನ್ನೊಂದು ಕಷ್ಟ, ನಮ್ಮ ಜನ ಬರುವುದೇ ತಡವಾಗಿ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ಕಾಯುತ್ತಾರೆ. 2008ರಲ್ಲಿ ಪ್ರಕಟವಾದ ಭಾರತದ ಕ್ರಿಯೇಟ್ ಅಧ್ಯಯನದಲ್ಲಿ ಇಂಥ ಅಟ್ಯಾಕ್ ಆದವರಲ್ಲಿ ಅರ್ಧದಷ್ಟು ಜನ ಆಸ್ಪತ್ರೆ ತಲುಪುವ ಹೊತ್ತಿಗೆ 300 ನಿಮಿಷ ಕಳೆದಿತ್ತು. ಹೆಪ್ಪು ಹಳೆಯದಾದಷ್ಟೂ ಗಟ್ಟಿ, ಇಂಜೆಕ್ಷನ್‌ಗೆ ಬಗ್ಗುವುದು ಕಡಿಮೆ.

ನನ್ನನ್ನು ನಿಜವಾಗಿ ಕಾಡುವುದು ಇಂಜೆಕ್ಷನ್ ಕೊಟ್ಟ ಮೇಲೆ ಆಗುವುದು. ನಮ್ಮ ಭಾವನಿಗೆ ಮನೆ ಹತ್ತಿರದ ನರ್ಸಿಂಗ್ ಹೋಮ್ ಒಂದರಲ್ಲಿ ಸಂಜೆ ಇಂಜೆಕ್ಷನ್ ಕೊಟ್ಟು ‘ಕ್ಲಾಟ್ ಕರಗಿದೆ, ಗಾಬರಿ ಬೇಡ’ ಅಂದರು. ಐಸಿಯುನಲ್ಲಿ ಮಲಗಿಸಿದರು. ಇಂಜೆಕ್ಷನ್ ಕೆಲಸ ಮಾಡಿತೇ ಅಂತ ನೋಡಲು, ಅದು ಕೊಟ್ಟು ಒಂದೂವರೆ ಗಂಟೆಯಾದ ಮೇಲೆ ತೆಗೆಯಬೇಕಾದ ಇಸಿಜಿ ತೆಗೆಯಲೇ ಇಲ್ಲ. ನೋವು ಹಾಗೇ ಇತ್ತು, ಅಕ್ಕ ಹೇಳುತ್ತಲೇ ಇದ್ದಳು. ಮಾರನೇ ದಿನ ಮಧ್ಯಾಹ್ನ ಸಾಗಿಸಿದಾಗ ನಾಳ ಮುಚ್ಚಿಕೊಂಡೇ ಇತ್ತು, ಹೃದಯದ ಪಂಪಿಂಗ್ ಶೇ 30ಕ್ಕೆ ಇಳಿದಿತ್ತು. ಈಗ ಒಂದು ಮಹಡಿ ಹತ್ತಿದರೆ ಕೂತು ಸುಧಾರಿಸಿಕೊಳ್ಳಬೇಕು. ಸ್ಟ್ರೀಮ್‌ನಲ್ಲಿ ಇಂಜೆಕ್ಷನ್ ಕೆಲಸ ಮಾಡಿದವರಿಗೂ 24 ಗಂಟೆಯೊಳಗೆ ಆಂಜಿಯೋಗ್ರಾಂ, ಅಂದರೆ ಡೈ ಬಿಟ್ಟು ನಾಳ ನೋಡುವ ಪರೀಕ್ಷೆ, ಆಗಿತ್ತು. ನಮ್ಮಲ್ಲಿ ಎಷ್ಟೋ ಕಡೆ ಇಂಜೆಕ್ಷನ್ ಕೊಟ್ಟರೆ ಚಿಕಿತ್ಸೆ ಮುಗಿದಂತೆ.

ಸಮಯ ಉಳಿಸುವ ದಾರಿ ಬೇರೆ ಇದೆ. ನರ್ಸಿಂಗ್ ಹೋಮ್‌ನವರು ಆಸ್ಪಿರಿನ್ ಅಗಿಯಲು ಕೊಟ್ಟು, ಇಸಿಜಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ, ಕ್ಯಾಥ್‌ಲ್ಯಾಬ್‌ಗೆ ಫೋನ್ ಮಾಡಲಿ. ಗಾಡಿ ದಾರಿಯಲ್ಲಿರುವಾಗಲೇ ನಾವು ಟೇಬಲ್ ಸಜ್ಜು ಮಾಡಿಕೊಳ್ಳುತ್ತೇವೆ. ಎಮರ್ಜೆನ್ಸಿಯಲ್ಲಿ ನಿಲ್ಲಿಸದೆ ನೇರ ಒಳಗೆ ತರಲಿ, ಅಡ್ವಾನ್ಸ್ ಆಮೇಲೆ ಕಟ್ಟಲಿ. ದೂರದಿಂದ ಬರುವವರಿಗೆ ಇಂಜೆಕ್ಷನ್ ಕೊಡಲೇಬೇಕಾಗಿ ಬಂದರೆ ಕೊಡಲಿ, ಆದರೆ ಕೊಟ್ಟ ತಕ್ಷಣ ಗಾಡಿ ಹೊರಡಬೇಕು. ಒಂದೂವರೆ ಗಂಟೆಯ ಆ ಎರಡನೇ ಇಸಿಜಿ ತೆಗೆಯುವಾಗ ರೋಗಿ ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಯಲ್ಲೇ ಇರಬೇಕು.