ಎಲ್ಲಾಂ ಸೆಟ್ಟಾಣ್ ಮಾಷೇ

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆ ಹತ್ತಿ ಹೊಗಳುವವರು ಎಂಟನೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಏಳೂ ಕೈಚೆಲ್ಲಿದ ಕಡೆ ನಡೆಯುವ ಭಾಷೆ ಅದು. ಇಡೀ ಭಾಷೆಗೆ ಇರುವುದು ಒಂದೇ ಪದ: ಸೆಟ್.

ಜಾಗದ ಪೋಕುವರವಿಗೆಂದು, ಅಂದರೆ ಖಾತೆ ಬದಲಾವಣೆಗೆಂದು, ನಾನು ಇಲ್ಲಿನೊಂದು ಕಚೇರಿಯ ಮೆಟ್ಟಿಲು ಹತ್ತಲು ತೊಡಗಿ ಎರಡು ಮಳೆಗಾಲ ಕಳೆಯಿತು. ಫಾರಂ ಇದ್ದದ್ದು ಮಲಯಾಳದಲ್ಲಿ. ಕನ್ನಡದ್ದು ಕೊಡಿ ಎಂದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ ಎಂದೂ ಸೇರಿಸಿದೆ. ಮೂವತ್ತು ವರ್ಷ ಪಾಠ ಮಾಡಿದ ಬಾಯಿ, ಸುಮ್ಮನಿರುತ್ತದೆಯೇ? ಗುಮಾಸ್ತರು ಕಾಯ್ದೆಯನ್ನು ಅಲ್ಲಗಳೆಯಲಿಲ್ಲ. "ಎಲ್ಲಾಂ ಸೆಟ್ಟಾಣ್ ಮಾಷೇ, ಕೂತ್ಕೊಳ್ಳಿ" ಎಂದರು. ಎಲ್ಲ ಸರಿಯಾಗಿದೆ ಮೇಷ್ಟ್ರೇ ಎಂದು ಆ ಮಲಯಾಳದ ಅರ್ಥ.

ಕೂತೆ. ಮೂರು ಕುರ್ಚಿಗಳನ್ನು ಒಂದೇ ಕಬ್ಬಿಣದ ಪಟ್ಟಿಗೆ ಬಿಗಿದ ಸೆಟ್ ಅದು. ಒಬ್ಬ ಕೆಮ್ಮಿದರೆ ಉಳಿದಿಬ್ಬರೂ ಕುಲುಕಬೇಕು. ಕೂತವನಿಗೆ ಬೇರೆ ಕೆಲಸವೇನು, ಪದದ ಬುಡ ಅಗೆದೆ. ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಇದರದ್ದೇ. 430ಕ್ಕೂ ಹೆಚ್ಚು ಅರ್ಥ, ಸುಮಾರು 60,000 ಪದಗಳ ವಿವರಣೆ. ಆಮೇಲೆ 'ರನ್' ಎಂಬ ಇನ್ನೊಂದು ಪುಟ್ಟ ಪದ ಬರಿಯ ಕ್ರಿಯಾಪದವಾಗಿಯೇ 645 ಅರ್ಥ ಗಳಿಸಿ ಇದನ್ನು ಹಿಂದೆ ಹಾಕಿತಂತೆ. ಓಡುವುದು ಕೂತದ್ದನ್ನು ಹಿಂದೆ ಹಾಕುವ ಪವಾಡ ನಿಘಂಟಿನಲ್ಲಾದರೂ ನಡೆಯುತ್ತದಲ್ಲ!

ಪಕ್ಕದ ಕುರ್ಚಿಯ ಅಡಿಕೆ ತೋಟದ ಯಜಮಾನರು ನನ್ನ ಸಂಶೋಧನೆಯನ್ನು ಒಪ್ಪಲಿಲ್ಲ. "ಸಿಮೆಂಟು ಸೆಟ್ಟಾಗುವುದೂಂದ್ರೆ ಸೆಟೆಯುವುದೇ ಅಲ್ವೋ ಮಾಷ್ಟ್ರೇ? ಇಂಗ್ಲಿಷಿನವರು ಕದ್ದದ್ದು, ನಮ್ಮದೇ." 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚು ಹಾಕಿಸಿದ ಕಿಟೆಲ್ ಸಾಹೇಬರು ಇದನ್ನು ಕೇಳಿದ್ದರೆ ಮುಂದಿನ ಹಡಗಿಗೇ ಜರ್ಮನಿಗೆ ಹೊರಡುತ್ತಿದ್ದರು. ಕೌಂಟರಿನ ಆಚೆ ಸೆಟೆದು ಕೂತವರನ್ನು ನೋಡಿದಾಗ ಮಾತ್ರ ಯಜಮಾನರ ವ್ಯುತ್ಪತ್ತಿಯಲ್ಲೂ ಹುರುಳಿದೆ ಅನ್ನಿಸಿತು.

ನಿಜಕ್ಕಿರುವುದು ಎರಡು ಬೇರು. ಗುಂಪು ಎಂಬರ್ಥದ ಸೆಟ್ ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಮೂಲ ಲ್ಯಾಟಿನ್ನಿನ 'ಸೆಕ್ಟಾ', ಅಂದರೆ ಒಬ್ಬನ ಹಿಂದೆ ಹೋಗುವ ಬಳಗ. ಓಣಂ ಸಮಯದಲ್ಲಿ ಅದೇ ಕಚೇರಿಗೆ ಹೋಗಿ ನೋಡಿ: ಸೆಟ್ ಸೀರೆ, ಸೆಟ್ ಮುಂಡು, ಪೂಕಳ ಎಂಬ ಹೂವಿನ ರಂಗೋಲಿಯ ಸುತ್ತ ಇಡೀ ಬಳಗ, ಕೌಂಟರಿನಲ್ಲಿ ಒಂದು ಪೆನ್ನು ಮಾತ್ರ ದಾರಕ್ಕೆ ನೇತಾಡಿಕೊಂಡು. ಪರೀಕ್ಷೆಯೂ ಸೆಟ್ಟೇ. ನಮ್ಮಲ್ಲಿ ಸೆಟ್ ಪಾಸಾದರೆ ಹೈಯರ್ ಸೆಕೆಂಡರಿಗೆ ಪಾಠ ಮಾಡಬಹುದು. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಅದೇ ಹೆಸರಿಗೆ ಒಂದು 'ಕೆ' ಅಂಟಿ ಕಾಲೇಜಿನ ಅಧ್ಯಾಪಕರಾಗುವ ಅರ್ಹತೆಯಾಗುತ್ತದೆ. ಕಾಲೇಜಿನ ಗೇಟಿನಾಚೆಗೆ ಅದು ದೋಸೆಯೂ ಹೌದು, ಮೆತ್ತಗೆ, ಸಾಗುವಿನ ಜೊತೆ.

ಇನ್ನೊಂದು ಬೇರು, ಹಳೆಯ ಇಂಗ್ಲಿಷಿನ 'ಸೆಟ್ಟನ್'. ಅರ್ಥ: ಕೂರಿಸುವುದು.

ಅದನ್ನು ಓದಿದ ದಿನ ಗುಮಾಸ್ತರ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಅವರು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಫೈಲು ಕಪಾಟಿನಲ್ಲಿ ಸೆಟ್, ನಾನು ಕುರ್ಚಿಯಲ್ಲಿ ಸೆಟ್, ಕನ್ನಡ ಫಾರಂ ಅಚ್ಚಿನ ಮನೆಯಲ್ಲೋ ಎಲ್ಲೋ ಸೆಟ್.

ಕಳೆದ ವಾರ ಫಾರಂ ಬಂತು. ತಲೆಬರಹ ಕನ್ನಡ, ಕೆಳಗಿನ ಸೂಚನೆಗಳು ಮಲಯಾಳ. ತುಂಬಿಸಿ ಕೊಟ್ಟೆ. "ಮೂರು ಸೆಟ್ ಜೆರಾಕ್ಸ್ ಬೇಕಲ್ಲ ಮಾಷೇ" ಎಂದರು. ಎದುರಿನ ಅಂಗಡಿಗೆ ಓಡಿದೆ. ಹುಡುಗ ಯಂತ್ರದ ಹೊಟ್ಟೆ ಬಿಚ್ಚಿಟ್ಟುಕೊಂಡು ಕರಿ ಕೈಯಲ್ಲೇ ಸ್ಟೂಲು ತೋರಿಸಿದ.

"ಕೂತ್ಕೊಳ್ಳಿ ಮಾಷೇ, ಈಗ ಸೆಟ್ ಮಾಡ್ತೇನೆ."